ಟ್ರ್ಯಾಕ್‌ಗೆ ಇಳಿಯುವ ಮುನ್ನ ಬೀಳುವ ದುಡ್ಡು ಎತ್ತಿಡಿ

ಮನೆಯಲ್ಲಿ 3 ಲಕ್ಷ ರೂಪಾಯಿಯ ಒಳ್ಳೆಯ ಬೈಕು ಇರುವಾಗಲೇ ನಾನು 55,000 ಕೊಟ್ಟು ಹಳೆಯ ಯಮಹಾ ಆರ್‌15 ಒಂದನ್ನು ಕೊಂಡೆ. ಆಫೀಸಿಗೆ ಹೋಗಲಿಕ್ಕಲ್ಲ, ಊರು ಸುತ್ತಲಿಕ್ಕೂ ಅಲ್ಲ. ರೇಸ್ ಟ್ರ್ಯಾಕಿನಲ್ಲಿ ಓಡಿಸಿ ಕಲಿಯಲಿಕ್ಕೆ. ಮನೆಯವರಿಗೂ ಗೆಳೆಯರಿಗೂ ಇದು ಶುದ್ಧ ದುಂದುವೆಚ್ಚವಾಗಿ ಕಂಡಿತು. "ಇರೋ ಬೈಕ್ ತಗೊಂಡು ಹೋದ್ರೆ ಆಗಲ್ವಾ?" ಎಂದು ಕೇಳದವರಿಲ್ಲ. ಆಗುತ್ತದೆ. ಆದರೆ ಆಗ ತಗಲುವ ಖರ್ಚು ಎಷ್ಟು ಎಂದು ಅವರಲ್ಲಿ ಯಾರೂ ಲೆಕ್ಕ ಹಾಕಿರಲಿಲ್ಲ. ನಾನು ಹಾಕಿದ್ದೆ.

ಮೊದಲೇ ಒಂದು ಮಾತು. ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ತಿರುವುಗಳಲ್ಲಿ ಮೊಣಕಾಲು ನೆಲಕ್ಕೆ ತಾಗಿಸಲು ಹೊರಡುವ ಹುಡುಗರು ಟ್ರ್ಯಾಕಿಗೆ ಹೋಗಬೇಕು ಎಂದೇ ನನ್ನ ಆಸೆ. ಅಲ್ಲಿ ಎದುರಿನಿಂದ ಲಾರಿ ಬರುವುದಿಲ್ಲ, ದನ ಅಡ್ಡ ಬರುವುದಿಲ್ಲ, ಬಿದ್ದರೆ ಆಂಬುಲೆನ್ಸ್ ಪಕ್ಕದಲ್ಲೇ ನಿಂತಿರುತ್ತದೆ. ನಮ್ಮ ರಾಜ್ಯದಲ್ಲಿ ಅಂಥ ಪೂರ್ಣ ಪ್ರಮಾಣದ ಸರ್ಕ್ಯೂಟ್ ಇಲ್ಲದ್ದರಿಂದ ಬೆಂಗಳೂರಿನವರು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ, ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈಯಲ್ಲಿರುವ ಮದ್ರಾಸ್ ಸರ್ಕ್ಯೂಟಿಗೋ ಹೋಗುತ್ತಾರೆ. ಎರಡನೆಯದು ಹೊಸೂರು, ಕೃಷ್ಣಗಿರಿ, ವೇಲೂರು ದಾಟಿ ಸುಮಾರು 300 ಕಿ.ಮೀ. ಟ್ರ್ಯಾಕಿನ ಉದ್ದ 3.7 ಕಿ.ಮೀ., ತಿರುವು 12. ಹೋಗಬೇಕಾದ ಜಾಗವೇ ಅದು. ಆದರೆ ಪ್ರವೇಶ ಶುಲ್ಕವೊಂದನ್ನೇ ಖರ್ಚು ಎಂದುಕೊಂಡು ಹೋಗುವವರನ್ನು ಕಂಡರೆ ನನಗೆ ಭಯವಾಗುತ್ತದೆ.

ಭಯಕ್ಕೆ ಕಾರಣ ವಿಮೆ. ನಿಮ್ಮ ಬೈಕಿನ ಪಾಲಿಸಿ ತೆಗೆದು 'ಬಳಕೆಯ ಮಿತಿ' ಎನ್ನುವ ಭಾಗ ಓದಿ. ಆಯೋಜಿತ ರೇಸ್, ವೇಗದ ಪರೀಕ್ಷೆ, ಪೇಸ್ ಮೇಕಿಂಗ್ ಮುಂತಾದ ಬಳಕೆಗೆ ಪಾಲಿಸಿ ಅನ್ವಯಿಸುವುದಿಲ್ಲ ಎಂದು ಅಲ್ಲೇ ಬರೆದಿರುತ್ತದೆ. ಇದು ಒಂದು ಕಂಪನಿಯ ಕಿತಾಪತಿಯಲ್ಲ, ದೇಶದ ದ್ವಿಚಕ್ರ ವಾಹನ ಪಾಲಿಸಿಗಳಲ್ಲೆಲ್ಲ ಇರುವ ಷರತ್ತು. "ನಾವು ಹೋಗೋದು ರೇಸಿಗಲ್ಲ, ತರಬೇತಿಗೆ" ಎಂದು ವಾದಿಸಬಹುದು. ಮುರಿದ ಬೈಕು ಶೋರೂಮಿನಲ್ಲಿ ನಿಂತಿರುವಾಗ ಸರ್ವೇಯರ್ ಮುಂದೆ ಆ ವಾದ ಗೆದ್ದೇ ಗೆಲ್ಲುತ್ತದೆ ಎಂದು ನಂಬಿ ದುಡ್ಡು ಹೂಡಬೇಡಿ.

ಇಲ್ಲಿ ನನಗೆ ನಿಜವಾಗಿ ಸಿಟ್ಟು ಬರುವುದು ಆಡ್-ಆನ್‌ಗಳ, ಅಂದರೆ ಹೆಚ್ಚುವರಿ ಕವರ್‌ಗಳ, ವ್ಯಾಪಾರದ ಮೇಲೆ. ನನ್ನ ಒಳ್ಳೆಯ ಬೈಕಿನ ಪಾಲಿಸಿ ನವೀಕರಿಸುವಾಗ, ಟ್ರ್ಯಾಕಿಗೆ ಹೋಗುವ ಮಾತು ಬಂದದ್ದೇ ತಡ, ಏಜೆಂಟರು ಝೀರೋ ಡೆಪ್ ಮತ್ತು ಎಂಜಿನ್ ಪ್ರೊಟೆಕ್ಟ್ ಎರಡನ್ನೂ ಸೇರಿಸಿಬಿಟ್ಟರು. "ಎಲ್ಲಾ ಕವರ್ ಆಗುತ್ತೆ ಸಾರ್." ಯಾವುದೂ ಕವರ್ ಆಗುವುದಿಲ್ಲ! ಮೂಲ ಪಾಲಿಸಿಯೇ ಅನ್ವಯಿಸದ ಕಡೆ ಅದರ ಮೇಲೆ ಕೂರಿಸಿದ ಆಡ್-ಆನ್ ಹೇಗೆ ಅನ್ವಯಿಸೀತು? ರಸ್ತೆಗೆಂದು ಬೇಕಿದ್ದರೆ ಕೊಳ್ಳಿ, ಟ್ರ್ಯಾಕಿಗೆಂದು ಒಂದು ರೂಪಾಯಿಯನ್ನೂ ಕೊಡಬೇಡಿ. ಇನ್ನು, ಟ್ರ್ಯಾಕಿನಲ್ಲಿ ಬಿದ್ದು "ಹೈವೇಯಲ್ಲಿ ನಾಯಿ ಅಡ್ಡ ಬಂತು" ಎಂದು ಕ್ಲೇಮ್ ಹಾಕುವ ಸಲಹೆ ಪ್ಯಾಡಕ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅದು ವಂಚನೆ. ಕಿವಿಗೆ ಹಾಕಿಕೊಳ್ಳಬೇಡಿ.

ಆರೋಗ್ಯ ವಿಮೆಯ ಕಥೆ ಬೇರೆ. 2019ರಲ್ಲಿ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಹೊರಗಿಡುವ ಷರತ್ತುಗಳನ್ನು ಏಕರೂಪಗೊಳಿಸಿದಾಗ, ಮೋಟಾರ್ ರೇಸಿಂಗ್‌ನಂಥ ಅಪಾಯದ ಕ್ರೀಡೆಗಳಲ್ಲಿ 'ವೃತ್ತಿಪರರಾಗಿ' ಭಾಗವಹಿಸಿದಾಗ ಆದ ಗಾಯವನ್ನು ಹೊರಗಿಟ್ಟಿತು. ಸಂಬಳಕ್ಕೆ ಬೇರೆ ಕೆಲಸ ಮಾಡುತ್ತಾ ಹವ್ಯಾಸಕ್ಕೆ ಹೋಗುವವರಿಗೆ ಆ ಒಂದು ಪದದಲ್ಲಿ ನೆಲೆಯಿದೆ. ಆದರೂ ಕಂಪನಿಗೆ ಇ-ಮೇಲ್ ಬರೆದು ಲಿಖಿತ ಉತ್ತರ ತರಿಸಿಕೊಳ್ಳಿ. ವೈಯಕ್ತಿಕ ಅಪಘಾತ ಪಾಲಿಸಿಯನ್ನು ಪ್ರತ್ಯೇಕವಾಗಿ ಓದಿ, ಅಲ್ಲಿ ಷರತ್ತು ಇನ್ನೂ ಬಿಗಿಯಾಗಿರಬಹುದು.

ಈಗ ಲೆಕ್ಕ. ಟ್ರ್ಯಾಕಿನಲ್ಲಿ ಬೈಕಿಗೆ ವಿಮೆ ಇಲ್ಲ ಎಂದಾದ ಮೇಲೆ ವಿಮಾ ಕಂಪನಿ ನೀವೇ. ಹಾಗಾಗಿ ಅವರ ಹಾಗೆಯೇ ಯೋಚಿಸಬೇಕು.

ನನ್ನ ಮೆಕ್ಯಾನಿಕ್ ಹತ್ತಿರ ಕೂತು ಎರಡೂ ಬೈಕುಗಳ ಲೋ-ಸೈಡ್ ಅಂದಾಜು, ಅಂದರೆ ಪಕ್ಕಕ್ಕೆ ಜಾರಿ ಬಿದ್ದರೆ ಆಗುವ ರಿಪೇರಿಯ ಲೆಕ್ಕ, ಬರೆಸಿದೆ. ಒಳ್ಳೆಯ ಬೈಕು ಹಾಗೆ ಜಾರಿ ಬಿದ್ದರೆ ಫೇರಿಂಗ್, ಹ್ಯಾಂಡಲ್, ಫುಟ್‌ಪೆಗ್, ಲಿವರ್, ಎಂಜಿನ್ ಕವರ್, ಟ್ಯಾಂಕಿನ ಬಣ್ಣ, ಕೂಲಿ ಎಲ್ಲ ಸೇರಿ 70,000. ಆರ್‌15ಗೆ ಅದೇ ಪೆಟ್ಟಿಗೆ 12,000. ಅದರ ಭಾಗಗಳು ಜೆ.ಸಿ. ರಸ್ತೆಯಲ್ಲೂ ಸಿಗುತ್ತವೆ, ಹಳೆಯವು ಬೇಕೆಂದರೆ ಶಿವಾಜಿನಗರದಲ್ಲೂ ಸಿಗುತ್ತವೆ. ಗೀಚಿದ ಫೇರಿಂಗ್ ಹಾಗೇ ಇದ್ದರೂ ಬೇಸರವಿಲ್ಲ.

ಹೊಸಬ ಟ್ರ್ಯಾಕಿನ ನಾಲ್ಕು ದಿನಕ್ಕೊಮ್ಮೆ ಬೀಳುತ್ತಾನೆ ಎಂದು ಕಠಿಣವಾಗಿಯೇ ಹಿಡಿದೆ. ಒಳ್ಳೆಯ ಬೈಕಿನಲ್ಲಿ ಟ್ರ್ಯಾಕಿನ ಒಂದು ದಿನಕ್ಕೆ ಬೀಳುವ ಬಾಬ್ತು 70,000 ಭಾಗಿಸು 4, ಅಂದರೆ 17,500. ಹಳೆಯದರಲ್ಲಿ 12,000 ಭಾಗಿಸು 4, ಅಂದರೆ 3,000. ವ್ಯತ್ಯಾಸ ದಿನಕ್ಕೆ 14,500.

ಹಳೆಯ ಬೈಕಿನ ಖರ್ಚು: ಕೊಂಡದ್ದು 55,000. ಆರ್‌ಸಿ ವರ್ಗಾವಣೆ, ಥರ್ಡ್ ಪಾರ್ಟಿ ವಿಮೆಗೆ 3,000. ಬ್ರೇಕ್ ಪ್ಯಾಡ್, ಚೈನ್ ಸ್ಪ್ರಾಕೆಟ್, ಹೋಸ್, ಬೇರಿಂಗ್‌ಗಳಿಗೆ 12,000. ಒಟ್ಟು 70,000. ಕಲಿತಾದ ಮೇಲೆ ಮಾರಿದರೆ 45,000 ಬರುತ್ತದೆ ಎಂದಿಟ್ಟುಕೊಂಡರೆ ನಿಜವಾದ ಖರ್ಚು 25,000. ಇದನ್ನು 14,500ರಿಂದ ಭಾಗಿಸಿದರೆ 1.7. ಅಂದರೆ ಎರಡನೆಯ ದಿನಕ್ಕೇ ಹಳೆಯ ಬೈಕು ತನ್ನ ದುಡ್ಡು ಹುಟ್ಟಿಸಿತು.

ನಾಲ್ಕಕ್ಕೊಮ್ಮೆ ಎನ್ನುವುದು ನನ್ನ ಊಹೆ. ನೀವು ಹತ್ತಕ್ಕೊಮ್ಮೆ ಎನ್ನಿ. ಆಗ 7,000 ಮತ್ತು 1,200, ವ್ಯತ್ಯಾಸ 5,800. 25,000ವನ್ನು ಅದರಿಂದ ಭಾಗಿಸಿದರೆ 4.3. ಐದನೆಯ ದಿನಕ್ಕೆ ಗಿಟ್ಟುತ್ತದೆ. ಒಂದೇ ದಿನ ಹೋಗಿ ನೋಡಿಬರುವವರಿಗೆ ಹಳೆಯ ಬೈಕು ಬೇಡ. ತರಬೇತಿ ಶಾಲೆಯವರು ಬೈಕು ಬಾಡಿಗೆಗೆ ಕೊಟ್ಟರೆ ಅದೇ ಸಾಕು. ಆದರೆ ಬಿದ್ದರೆ ಯಾರು ಎಷ್ಟು ಕೊಡಬೇಕು ಎಂಬುದನ್ನು ಸಹಿ ಹಾಕುವ ಮುಂಚೆ ಕೇಳಿ.

ಸರಾಸರಿಯಲ್ಲಿ ಒಂದು ಮೋಸವಿದೆ. ಯಾರೂ 17,500 ಕಟ್ಟುವುದಿಲ್ಲ. ಒಂದೋ ಸೊನ್ನೆ, ಇಲ್ಲವೇ ಪೂರ್ತಿ 70,000. ಬಿದ್ದ ಭಾನುವಾರದ ಮರುದಿನ ಆ ಮೊತ್ತ ನಿಮ್ಮ ಖಾತೆಯಲ್ಲಿ ಇದೆಯೇ? ಇಲ್ಲದಿದ್ದರೆ ಅದು ಕ್ರೆಡಿಟ್ ಕಾರ್ಡಿನ ಮೇಲೆ ಬೀಳುತ್ತದೆ. ಅಥವಾ ಬೈಕು ತಿಂಗಳುಗಟ್ಟಲೆ ಗ್ಯಾರೇಜಿನಲ್ಲಿ ನಿಂತು ನೀವು ಬಸ್ಸಿನಲ್ಲಿ ಓಡಾಡುತ್ತೀರಿ, ಇಎಂಐ ಮಾತ್ರ ತಪ್ಪದೆ ಹೋಗುತ್ತಿರುತ್ತದೆ.

ಉಳಿದ ಸಿದ್ಧತೆ ಅಗ್ಗ. ಹೊಸ ಬ್ರೇಕ್ ಆಯಿಲ್ ಹಾಕಿಸಿ, ಹಳೆಯದು ತೇವ ಹೀರಿಕೊಂಡು ಬಿಸಿಗೆ ಕುದಿದು ಲಿವರ್ ಮೆತ್ತಗಾಗುತ್ತದೆ. ಕೂಲೆಂಟ್ ತೆಗೆದು ಬರೀ ನೀರು ಹಾಕಿ, ಕೂಲೆಂಟ್ ಟ್ರ್ಯಾಕಿನ ಮೇಲೆ ಚೆಲ್ಲಿದರೆ ಹಿಂದಿನವರು ಜಾರುತ್ತಾರೆ. ಮನೆಗೆ ಬಂದು ಮತ್ತೆ ಕೂಲೆಂಟ್ ತುಂಬಿಸಿ. ಕನ್ನಡಿ ಬಿಚ್ಚಿ, ದೀಪಗಳಿಗೆ ಟೇಪ್ ಅಂಟಿಸಿ. ಟೈರು ಒಳ್ಳೆಯ ರಸ್ತೆ ಟೈರೇ ಸಾಕು. ರೇಸ್ ಟೈರಿಗೆ ಬೇಕಾದಷ್ಟು ಬಿಸಿ ಹುಟ್ಟಿಸುವ ವೇಗ ಮೊದಲ ದಿನ ನಿಮ್ಮಲ್ಲಿ ಇರುವುದಿಲ್ಲ. ಎಕ್ಸಾಸ್ಟ್‌ಗೆ ಇಟ್ಟ ದುಡ್ಡನ್ನು ಹೆಲ್ಮೆಟ್, ಗ್ಲೌಸ್, ಬೂಟಿಗೆ ಹಾಕಿ. ಲೆದರ್ ಸೂಟ್ ಮೊದಲ ಸಲ ಬಾಡಿಗೆಗೆ ತನ್ನಿ, ಆದರೆ ಅಳತೆ ಸಡಿಲವಾಗಿದ್ದರೆ ವಾಪಸ್ ಕೊಡಿ. ಜಾರುವಾಗ ಸಡಿಲ ಸೂಟಿನ ಪ್ಯಾಡ್ ಮೊಣಕೈಯಿಂದ ಸರಿದುಹೋಗುತ್ತದೆ. ಬೈಕನ್ನು ಓಡಿಸಿಕೊಂಡು ಹೋಗಬೇಡಿ. ಮೂವರು ಸೇರಿ ಪಿಕಪ್ ಗಾಡಿ ಮಾಡಿಕೊಳ್ಳಿ. ಬಿದ್ದ ಬೈಕಿನಲ್ಲಿ, ದಣಿದ ಮೈಯಲ್ಲಿ 300 ಕಿ.ಮೀ. ವಾಪಸ್ ಬರುವ ಯೋಚನೆ ಬೇಡವೇ ಬೇಡ.

ದುಡ್ಡಿಗಿಂತ ಹೆಚ್ಚು ಉಳಿಸಿಕೊಡುವುದು ಅಭ್ಯಾಸ. ವಾರಕ್ಕೊಮ್ಮೆ ಗಾಳಿ ನೋಡದವರು, ಚೈನಿಗೆ ಎಣ್ಣೆ ಬಿಡದವರು ಟ್ರ್ಯಾಕಿನ ಹಿಂದಿನ ರಾತ್ರಿ ದಿಢೀರನೆ ಶಿಸ್ತಿನವರಾಗುವುದಿಲ್ಲ. ಒಂದು ತಿಂಗಳು ಮುಂಚೆಯೇ ಬಸ್ಕಿ, ಪ್ಲ್ಯಾಂಕ್ ಶುರು ಮಾಡಿ. ಬ್ರೇಕ್ ಹಿಡಿದಾಗ ಮೈಭಾರ ತೊಡೆ ತಡೆಯಬೇಕು, ಕೈ ತಡೆಯಬಾರದು. ಹಿಂದಿನ ರಾತ್ರಿ ಕುಡಿಯಬೇಡಿ, ಬೇಗ ಮಲಗಿ. ಚೆನ್ನೈ ಕಡೆಯ ಬಿಸಿಲಿಗೆ ಲೆದರ್ ಸೂಟಿನೊಳಗೆ ಮೈ ಬೆವರಿ ಬಸವಳಿಯುತ್ತದೆ. ಪ್ರತಿ ಸೆಷನ್ ನಡುವೆ ಒಆರ್‌ಎಸ್ ಕುಡಿಯಿರಿ, ಬಾಯಾರಿಕೆಗೆ ಕಾಯಬೇಡಿ. ಯಾವ ಬಾವುಟಕ್ಕೆ ಏನು ಅರ್ಥ ಎಂದು ಬೆಳಗಿನ ಬ್ರೀಫಿಂಗ್‌ನಲ್ಲಿ ಮೊಬೈಲ್ ಬದಿಗಿಟ್ಟು ಕೇಳಿ.

ಸಂಜೆಯ ಕೊನೆಯ ಸೆಷನ್‌ನಲ್ಲಿ ಕಾಲು ನಡುಗುತ್ತಿದ್ದರೆ ಇಳಿಯಬೇಡಿ. ಕಟ್ಟಿದ ಶುಲ್ಕ ವಸೂಲಾಗಲಿ ಎಂದು ಇಳಿಯುವವರು ಉಳಿಸುವುದು ಒಂದೆರಡು ಸಾವಿರ, ಪಣಕ್ಕಿಡುವುದು 70,000 ಮತ್ತು ಕಾಲರ್‌ಬೋನ್. ಆ ಶುಲ್ಕ ಬೆಳಗ್ಗೆಯೇ ಹೋಗಿದೆ. ಅದು ಇಳಿದರೂ ಬರುವುದಿಲ್ಲ, ಇಳಿಯದಿದ್ದರೂ ಬರುವುದಿಲ್ಲ.

ಕೊನೆಗೆ ನಾನು ಕೇಳುವುದು ಇಷ್ಟೇ. ನೋಂದಣಿಗೆ ಮುಂಚೆ ನಿಮ್ಮ ಬೈಕಿನ ಲೋ-ಸೈಡ್ ಅಂದಾಜು ಬರೆಸಿ, ಅಷ್ಟು ಹಣವನ್ನು ಬೇರೆ ಖಾತೆಯಲ್ಲಿ ಕೂಡಿಡಿ. ತಿಂಗಳಿಗೆ 5,000 ಎತ್ತಿಟ್ಟರೆ ನನ್ನ ಒಳ್ಳೆಯ ಬೈಕಿಗೆ 14 ತಿಂಗಳು ಬೇಕು, ಹಳೆಯದಕ್ಕೆ ಮೂರು ತಿಂಗಳು. ಆ ಖಾತೆ ತುಂಬಿದ ದಿನ ನೋಂದಣಿ ಮಾಡಿಸಿ.