ಬ್ರೀಜ್‌ಹೋಮ್ ಗೃಹಪ್ರವೇಶಕ್ಕೆ ಮುನ್ನ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಮಾತು ಸ್ಕೈರಿಮ್ ಆಟದಲ್ಲಿ ಮೊದಮೊದಲು ಸುಳ್ಳಾಗುತ್ತದೆ. ಮಾರಾ ದೇವತೆಯ ತಾಯಿತವೊಂದು ಕೊರಳಲ್ಲಿದ್ದರೆ ಮದುವೆ ಮುಕ್ಕಾಲು ಮುಗಿದ ಹಾಗೆ. ಮನೆಯೂ ಅಷ್ಟೇ: ವೈಟ್‌ರನ್ ಅರಮನೆಯ ಕಾರುಬಾರಿ ಪ್ರೊವೆಂಟಸ್‌ನ ಕೈಗೆ 5,000 ಚಿನ್ನದ ನಾಣ್ಯ ಎಣಿಸಿದರೆ ಬ್ರೀಜ್‌ಹೋಮ್ ಮನೆಯ ಕೀಲಿಕೈ ನಿಮ್ಮದು. ಗಾದೆ ನಿಜವಾಗುವುದು ಆಮೇಲೆ, ಆ ಮನೆಗೆ ಮಾಡ್, ಅಂದರೆ ಆಟಗಾರರೇ ತಯಾರಿಸಿದ ಮಾರ್ಪಾಡು, ಹಾಕಿ ಸಜ್ಜು ಮಾಡಲು ಕೂತಾಗ.

ಆಟ ಬಂದದ್ದು 2011ರ ನವೆಂಬರ್ 11ರಂದು. ಮಾಡ್ ತಯಾರಿಸುವ ಕ್ರಿಯೇಷನ್ ಕಿಟ್ 2012ರ ಫೆಬ್ರವರಿಯಲ್ಲಿ ಆಟಗಾರರ ಕೈಸೇರಿತು. ಅಂದಿನಿಂದ ಬಂದ ಮನೆಗಳನ್ನು ಎಣಿಸುವ ಗೋಜಿಗೆ ಹೋಗಬೇಡಿ. ಒಳ್ಳೆಯ ಅಭಿರುಚಿ ಇರುವವರ ಮನೆಯೂ ಎಷ್ಟೋ ಸಲ ಕೆಡುತ್ತದೆ. ಬಾಗಿಲು ಮುಚ್ಚಿಕೊಂಡು ಹೊರಗೆ ಹೋದ ಮೇಲೆ ಒಳಗಿನ ಸಾಮಾನನ್ನು ಆಟದ ಎಂಜಿನ್ ಏನು ಮಾಡುತ್ತದೆ ಎಂಬುದು ಅವರಿಗೆ ತಿಳಿದಿರುವುದಿಲ್ಲ. ಪಿಸಿಯಲ್ಲಿ ಸ್ಪೆಷಲ್ ಎಡಿಷನ್ ಆಡುವವರಿಗೆಂದು ಈ ಸೂತ್ರಗಳು.

1. ಒಂದು ಮನೆಗೆ ಒಂದೇ ಮಾಡ್. ಚಂದದ ಅಡುಗೆಮನೆ ಒಂದರಲ್ಲಿದೆ, ಚಂದದ ಮಲಗುವ ಕೋಣೆ ಇನ್ನೊಂದರಲ್ಲಿದೆ ಅಂತ ಎರಡನ್ನೂ ಹಾಕಿದರೆ ಒಂದರ ಕುರ್ಚಿ ಇನ್ನೊಂದರ ಮೇಜಿನ ಹೊಟ್ಟೆಯೊಳಗೆ ಕೂತಿರುತ್ತದೆ. ಎರಡು ಮಾಡ್‌ಗಳ ಪ್ಲಗಿನ್ ಫೈಲುಗಳೂ ತಮ್ಮ ಸಾಮಾನನ್ನು ಅದೇ ಜಾಗಕ್ಕೆ ತಂದು ಸುರಿಯುತ್ತವೆ, ಒಂದರದ್ದನ್ನು ಇನ್ನೊಂದು ಅಳಿಸುವುದಿಲ್ಲ. ಇಡೀ ಕೋಣೆಗೆ ಅನ್ವಯಿಸುವ ಬೆಳಕು, ಸಂಗೀತದಂಥ ಸೆಟ್ಟಿಂಗ್‌ಗಳ ಮಾತು ಬೇರೆ. ಅಲ್ಲಿ ಕೊನೆಗೆ ಲೋಡ್ ಆದ ಪ್ಲಗಿನ್ ಹೇಳಿದ್ದೇ ನಡೆಯುತ್ತದೆ. ಒಳಾಂಗಣದ ಬೆಳಕು ಬದಲಿಸುವ ಮಾಡ್ ಮೊದಲೇ ಇದ್ದರೆ, ಮನೆಯ ಮಾಡ್ ಲೋಡ್ ಆರ್ಡರ್‌ನಲ್ಲಿ ಅದರ ಕೆಳಗೆ ಬರಲಿ. ಸಂಶಯವಿದ್ದರೆ ಎಕ್ಸ್‌ಎಡಿಟ್ ಎಂಬ ಉಪಕರಣದಲ್ಲಿ ತೆರೆದು ನೋಡಿ. ಜಗಳ ಎಲ್ಲಿದೆ ಎಂದು ಅದು ಬಣ್ಣ ಹಚ್ಚಿ ತೋರಿಸುತ್ತದೆ.

2. ಫೈಲುಗಳನ್ನು ಆಟದ ಡೇಟಾ ಫೋಲ್ಡರ್‌ಗೆ ಕೈಯಾರೆ ಸುರಿಯಬೇಡಿ. ಮಾಡ್‌ಗಳನ್ನು ನಿರ್ವಹಿಸುವ ಮಾಡ್ ಆರ್ಗನೈಸರ್ 2 ಅಥವಾ ವೋರ್ಟೆಕ್ಸ್ ಬಳಸಿ. ಇದರ ಬಗ್ಗೆ ಚರ್ಚೆಯೇ ಇಲ್ಲ.

3. ಹೊಸ ಮನೆ, ಹಳೆ ಮನೆಗಿಂತ ಸುರಕ್ಷಿತ. ಬ್ರೀಜ್‌ಹೋಮ್, ವಿಂಡ್‌ಹೆಲ್ಮ್‌ನ ಹ್ಯೆರಿಮ್, ಸಾಲಿಟ್ಯೂಡ್‌ನ ಪ್ರೌಡ್‌ಸ್ಪೈರ್ ಇವೆಲ್ಲ ಆಟದ ಮೂಲ ಮನೆಗಳು. ಬೆಳಕು, ಕಾವಲುಗಾರ, ಮಕ್ಕಳ ಕೋಣೆ ಎಂದು ಹತ್ತಾರು ಮಾಡ್‌ಗಳು ಅಲ್ಲಿಗೇ ಕೈ ಹಾಕುತ್ತವೆ. ಪೂರ್ತಿ ಹೊಸ ಒಳಾಂಗಣ ತರುವ ಮಾಡ್‌ನಲ್ಲಿ ತಕರಾರು ಬರಬಹುದಾದ ಜಾಗ ಹೊರಗಿನ ಬಾಗಿಲೊಂದೇ. ಆ ಬಾಗಿಲ ಮುಂದೆ ಬೇರೆ ಮಾಡ್ ಒಂದು ಮರ ನೆಟ್ಟಿಲ್ಲವೆಂದು ನೋಡಿಕೊಂಡರಾಯಿತು.

4. ಏನು ಬೇಡ ಎಂಬ ಪಟ್ಟಿ ಮೊದಲು. ಮನೆ ಅಂದಕೂಡಲೇ ಕುಲುಮೆ, ಸಾಣೆಕಲ್ಲು, ಚರ್ಮ ಹದ ಮಾಡುವ ಚೌಕಟ್ಟು ಎಲ್ಲವೂ ಒಳಗೇ ಇರಬೇಕೆಂಬ ಆಸೆ ಹುಟ್ಟುತ್ತದೆ. ಬ್ರೀಜ್‌ಹೋಮ್ ಪಕ್ಕದಲ್ಲೇ ವಾರ್‌ಮೇಡನ್ಸ್ ಎಂಬ ಕಮ್ಮಾರಿಕೆಯ ಅಂಗಡಿ ಇದೆ, ಅಲ್ಲಿ ಇವೆಲ್ಲ ಪುಕ್ಕಟೆ. ಮನೆಯಲ್ಲಿ ನಿಜಕ್ಕೂ ಇಲ್ಲದ್ದು ಆಯುಧಕ್ಕೆ ಮಂತ್ರ ತುಂಬುವ ಮೇಜು. ಅದಕ್ಕೆ ಪ್ರತಿಸಲ ಮೆಟ್ಟಿಲು ಹತ್ತಿ ಡ್ರ್ಯಾಗನ್ಸ್‌ರೀಚ್ ಅರಮನೆಗೆ ಹೋಗಬೇಕು. ಆ ಒಂದು ಮೇಜು ತರುವ ಸಣ್ಣ ಮಾಡ್ ಸಾಕಾದೀತು. ನೆಲಮಾಳಿಗೆಯಲ್ಲಿ ಈಜುಕೊಳ, ಅದರ ಕೆಳಗೆ ಇನ್ನೊಂದು ಗುಹೆ ಇರುವ ಮನೆಗಳನ್ನು ಕಂಡಿದ್ದೇನೆ. ಹೊಕ್ಕವರು ಮಲಗುವ ಕೋಣೆ ಹುಡುಕಲು ನಕ್ಷೆ ಬಿಡಿಸಬೇಕು.

5. ಕೊಳ್ಳುವ ಮುನ್ನ ನೋಡಿಕೊಂಡು ಬನ್ನಿ. ಮಾಡ್ ಹಾಕಿದ ಮೇಲೆ ನಿಮ್ಮ ಅಮೂಲ್ಯ ಸೇವ್ ತೆರೆಯಬೇಡಿ. ಮುಖ್ಯ ಮೆನುವಿನಲ್ಲೇ ಕನ್ಸೋಲ್ ತೆರೆದು, ಸಿ-ಓ-ಸಿ ಆಜ್ಞೆಯ ಮುಂದೆ ಎಂಜಿನ್ ಆ ಮನೆಗೆ ಬಳಸುವ ಸೆಲ್ ಹೆಸರು ಬರೆದರೆ ಆಟ ನೇರ ಒಳಗೆ ಇಳಿಸುತ್ತದೆ. ಸುತ್ತಾಡಿ, ಮೂಲೆ ನೋಡಿ, ಇಷ್ಟವಾಗದಿದ್ದರೆ ಸೇವ್ ಮಾಡದೆ ಹೊರಬನ್ನಿ. ಬಣ್ಣದ ಚಿತ್ರಗಳನ್ನು ನಂಬಿ ಮನೆ ಆರಿಸಬೇಡಿ. ಆ ಚಿತ್ರ ತೆಗೆದವರ ಗ್ರಾಫಿಕ್ಸ್ ಕಾರ್ಡ್ ನಿಮ್ಮದಲ್ಲ.

6. ಸಾಮಾನು ಹಾರಾಡುತ್ತಿದ್ದರೆ ಫ್ರೇಮ್ ಎಣಿಸಿ. ಹೊಸಬರನ್ನು ಅತಿಹೆಚ್ಚು ಕಾಡುವ ಕಾಟ ಇದು. ಬಾಗಿಲು ತೆರೆಯುತ್ತೀರಿ, ಮೇಜಿನ ಮೇಲಿನ ತಟ್ಟೆ, ಬಟ್ಟಲು, ಚೀಸ್ ಗಾಲಿ ಎಲ್ಲವೂ ಒಮ್ಮೆ ನೆಗೆದು ನೆಲಕ್ಕೆ ಬೀಳುತ್ತವೆ. ದೆವ್ವವೂ ಅಲ್ಲ, ಮಾಡ್ ಮಾಡಿದವರ ತಪ್ಪೂ ಅಲ್ಲ. ಸ್ಕೈರಿಮ್‌ನ ಹ್ಯಾವಕ್ ಭೌತಶಾಸ್ತ್ರವನ್ನು ಸೆಕೆಂಡಿಗೆ 60 ಫ್ರೇಮ್ ಎಂಬ ಲೆಕ್ಕಕ್ಕೆ ಕಟ್ಟಿಹಾಕಿದ್ದಾರೆ. ನಿಮ್ಮ ಮಾನಿಟರ್ 144ಕ್ಕೆ ಓಡುತ್ತಿದ್ದು, ಫ್ರೇಮ್‌ಗೆ ಮಿತಿ ಹಾಕದಿದ್ದರೆ ಆ ಲೆಕ್ಕ ತಪ್ಪುತ್ತದೆ, ವಸ್ತುಗಳು ಒಂದನ್ನೊಂದು ತಳ್ಳಿಕೊಂಡು ಚೆಲ್ಲಾಪಿಲ್ಲಿಯಾಗುತ್ತವೆ. ಆಟದ ಮೊದಲ ದೃಶ್ಯದಲ್ಲಿ ಕೈದಿಗಳ ಗಾಡಿ ಹುಚ್ಚೆದ್ದು ಕುಣಿಯುವುದೂ ಇದೇ ಕಾರಣಕ್ಕೆ. ಪರಿಹಾರ ಎರಡು. ಫ್ರೇಮ್‌ಗೆ 60ರ ಮಿತಿ ಹಾಕಿ. ಇಲ್ಲವೇ ಎಸ್‌ಎಸ್‌ಇ ಡಿಸ್‌ಪ್ಲೇ ಟ್ವೀಕ್ಸ್ ಎಂಬ ಮಾಡ್ ಹಾಕಿಕೊಳ್ಳಿ, ಭೌತಶಾಸ್ತ್ರದ ಲೆಕ್ಕವನ್ನು ಅದು ನಿಮ್ಮ ಫ್ರೇಮ್‌ಗೆ ಹೊಂದಿಸುತ್ತದೆ. ಇದಾಗುವ ತನಕ ಒಂದು ಚಮಚವನ್ನೂ ಜೋಡಿಸಬೇಡಿ.

7. ಬೀಳಿಸಿ, ಹೊರಗೆ ಹೋಗಿ, ಬಂದು ಜೋಡಿಸಿ. ಚೀಲದಿಂದ ತೆಗೆದು ನೆಲಕ್ಕೆ ಹಾಕಿದ ವಸ್ತುವನ್ನು ಆಗಲೇ ಎತ್ತಿ ಕಪಾಟಿನಲ್ಲಿಟ್ಟರೆ, ಮುಂದಿನ ಸಲ ಬಂದಾಗ ಅದು ಬಿದ್ದ ಜಾಗದಲ್ಲೇ ಇರಬಹುದು. ಬೇಕಾದದ್ದನ್ನೆಲ್ಲ ನೆಲಕ್ಕೆ ಹಾಕಿ, ಮನೆಯಿಂದ ಹೊರಬಂದು, ಮತ್ತೆ ಒಳಹೊಕ್ಕು ಆಮೇಲೆ ಒಂದೊಂದೇ ಎತ್ತಿಡಿ. ಮಾಡ್ ಇಲ್ಲದವರೂ ವರ್ಷಗಳಿಂದ ಮಾಡುತ್ತಿರುವ ಉಪಾಯ ಇದು, ಈಗಲೂ ಕೆಲಸ ಕೊಡುತ್ತದೆ.

ಇಷ್ಟಕ್ಕೂ ತೃಪ್ತಿಯಾಗದವರಿಗೆ ಜ್ಯಾಕ್ಸಾನ್ಸ್ ಪೊಸಿಷನರ್ ಎಂಬ ಮಾಡ್ ಇದೆ. ವಸ್ತುವನ್ನು ಹಿಡಿದು ತಿರುಗಿಸಿ, ಸರಿಸಿ, ಮೇಲೆತ್ತಿ ಇಡಬಹುದು. ಅದಕ್ಕೆ ಸ್ಕ್ರಿಪ್ಟ್ ಎಕ್ಸ್‌ಟೆಂಡರ್ ಮತ್ತು ಸ್ಕೈಯುಐ ಎಂಬ ಎರಡು ಪೂರಕಗಳೂ ಬೇಕು. ಹೀಗೆ ಜೋಡಿಸಿದ್ದೆಲ್ಲ ಉಳಿಯುವುದು ನಿಮ್ಮ ಸೇವ್ ಫೈಲಿನಲ್ಲಿ. ಹೊಸ ಪಾತ್ರ ಶುರುಮಾಡಿದ ದಿನ ಮನೆ ಮತ್ತೆ ಖಾಲಿ. ಶಾಶ್ವತವಾಗಿ ಬೇಕಿದ್ದರೆ ಕ್ರಿಯೇಷನ್ ಕಿಟ್ ಕಲಿತು ನಿಮ್ಮದೇ ಪ್ಲಗಿನ್ ಮಾಡಿಕೊಳ್ಳಿ. ಅಂದುಕೊಂಡಷ್ಟು ಕಷ್ಟವಿಲ್ಲ, ಆದರೆ ಒಂದು ಸಂಜೆಯ ಕೆಲಸವೂ ಅಲ್ಲ.

8. ನಿಮ್ಮ ಸಂಗಾತಿ ಲಿಡಿಯಾಳನ್ನು ಮನೆಯೆಲ್ಲ ಓಡಾಡಿಸಿ. ಪಾತ್ರಗಳು ನಡೆಯುವುದು ನೆಲದ ಮೇಲಲ್ಲ, ನೆಲದ ಮೇಲೆ ಹಾಸಿರುವ ನ್ಯಾವ್‌ಮೆಶ್ ಎಂಬ ಕಾಣದ ಬಲೆಯ ಮೇಲೆ. ಮಾಡ್‌ನಲ್ಲಿ ಅದು ಸರಿಯಿಲ್ಲದಿದ್ದರೆ ಸಂಗಾತಿ ಹೊಸ್ತಿಲಲ್ಲೇ ನಿಂತುಬಿಡುತ್ತಾಳೆ. ಮೂಲ ಆಟದಲ್ಲೇ ಬಾಗಿಲಿಗೆ ಅಡ್ಡ ನಿಲ್ಲುವುದರಲ್ಲಿ ಲಿಡಿಯಾ ಹೆಸರುವಾಸಿ, ಮಾಡ್ ಸೇರಿದರೆ ಕೇಳಬೇಕೇ. ಮೆಟ್ಟಿಲು ಹತ್ತಿಸಿ, ನೆಲಮಾಳಿಗೆಗೆ ಇಳಿಸಿ, ಮೂಲೆಗೆ ಕರೆಯಿರಿ. ಬಾರದ ಕೋಣೆಯಲ್ಲಿ ಹೆಂಡತಿ, ಮಕ್ಕಳ ಹಾಸಿಗೆ ಇಡಬೇಡಿ. ಪೊಸಿಷನರ್‌ನಿಂದ ನೀವೇ ಇಟ್ಟ ಮೇಜು ಈ ಬಲೆಗೆ ಗೊತ್ತಾಗುವುದಿಲ್ಲ. ದಾರಿಯಲ್ಲಿ ಇಟ್ಟರೆ ಎಲ್ಲರೂ ಅದಕ್ಕೇ ಮುಖ ಒತ್ತಿಕೊಂಡು ನಡೆಯುತ್ತಾರೆ.

9. ದೀಪದಲ್ಲಿ ಜಿಪುಣರಾಗಿ. ನೆರಳು ಬೀಳಿಸುವ ದೀಪಗಳು ಒಂದೇ ನೋಟದೊಳಗೆ ನಾಲ್ಕಕ್ಕಿಂತ ಹೆಚ್ಚಾದರೆ ಮೂಲ ಎಂಜಿನ್‌ಗೆ ತಾಳಲಾಗದು. ನೀವು ತಲೆ ತಿರುಗಿಸಿದಂತೆಲ್ಲ ಬೆಳಕು ಹತ್ತಿ ಆರುತ್ತದೆ. ಇನ್ನೊಂದು ಸಂಗತಿ: ಮೇಣದಬತ್ತಿಯ ಆಕಾರ ಬೇರೆ, ಅದರ ಬೆಳಕು ಬೇರೆ. ಸಾಮಾನ್ಯವಾಗಿ ಮಾಡ್ ಮಾಡುವವರು ಎರಡನ್ನೂ ಬೇರೆಬೇರೆಯಾಗಿಯೇ ಇಟ್ಟಿರುತ್ತಾರೆ. ಹಾಗಾಗಿ ಬತ್ತಿಯನ್ನು ನೀವು ಅಡುಗೆಮನೆಗೆ ಸರಿಸಿದರೂ ಬೆಳಕು ಪಡಸಾಲೆಯಲ್ಲೇ ಉಳಿದೀತು.

10. ಚಮಚಕ್ಕೆ 4ಕೆ ಬೇಡ. ಲೆಕ್ಕ ಹಾಕಿ. 4096 ಚುಕ್ಕೆ ಅಗಲ, ಅಷ್ಟೇ ಎತ್ತರದ ಒಂದು ಟೆಕ್ಸ್ಚರ್ ಬಿಸಿ7 ಸಂಕೋಚನದಲ್ಲಿ 16 ಎಂಬಿ. ದೂರಕ್ಕೆ ಬೇಕಾದ ಕಿರು ಪ್ರತಿಗಳೂ ಸೇರಿದರೆ ಸುಮಾರು 21. ಉಬ್ಬುತಗ್ಗಿನ ಇನ್ನೊಂದು ಪದರ ಸೇರಿಸಿದರೆ ಒಂದು ವಸ್ತುವಿಗೇ 40 ಎಂಬಿ ದಾಟಿತು. 2ಕೆಯಲ್ಲಿ ಇದರ ಕಾಲು ಭಾಗ ಸಾಕು. ಗೋಡೆ, ನೆಲ, ಹಾಸಿಗೆಯ ಮೇಲಿನ ತುಪ್ಪಳ ಇವಕ್ಕೆ ದೊಡ್ಡ ಟೆಕ್ಸ್ಚರ್ ಕೊಡಿ. ಬಟ್ಟಲು, ಬುಟ್ಟಿಗಳಿಗೆ 1ಕೆ ಧಾರಾಳ.

11. ಪೆಟ್ಟಿಗೆಯನ್ನು ಎಲೆಕೋಸಿನಿಂದ ಪರೀಕ್ಷಿಸಿ. ಕೆಲವು ಮಾಡ್ ಮನೆಗಳಲ್ಲಿ ಕೆಲವು ಪೀಪಾಯಿಗಳು ತಾವಾಗಿ ಖಾಲಿಯಾಗಿ ಮತ್ತೆ ತುಂಬಿಕೊಳ್ಳುವ ಜಾತಿಯವು. ಅಂಥದ್ದರಲ್ಲಿ ಡೇಡ್ರಿಕ್ ಕವಚ ಇಟ್ಟರೆ ಗೋವಿಂದ. ಆಟದ ಜಾಗಗಳು ಮೊದಲಿನ ಸ್ಥಿತಿಗೆ ಮರಳಲು ಸಾಮಾನ್ಯವಾಗಿ 10 ದಿನ, ಶತ್ರುಗಳನ್ನೆಲ್ಲ ಮುಗಿಸಿದ ಜಾಗವಾದರೆ 30 ದಿನ. ಒಂದೊಂದು ಪೆಟ್ಟಿಗೆಯಲ್ಲೂ ಒಂದೊಂದು ಎಲೆಕೋಸು ಇಟ್ಟು, ಬೇರೆ ಊರಿಗೆ ಹೋಗಿ ಕಾಯುವ ಆಜ್ಞೆಯನ್ನು ಮತ್ತೆಮತ್ತೆ ಒತ್ತಿ 31 ದಿನ ಕಳೆದು ಬನ್ನಿ. ಎಲೆಕೋಸು ಇದ್ದಲ್ಲಿ ಕವಚ ಇಡಿ.

12. ಮನೆಗೆ ಊರಿನ ಗುರುತಿರಲಿ. ಇದು ನನ್ನ ಹಟ, ಒಪ್ಪದವರು ಮುಂದಿನದಕ್ಕೆ ಹೋಗಬಹುದು. ಮಾರ್ಕಾರ್ತ್‌ನ ವ್ಲಿಂಡ್ರೆಲ್ ಹಾಲ್ ಡ್ವೆಮರ್ ಎಂಬ ಹಳೆಯ ಜನಾಂಗ ಬಂಡೆ ಕೊರೆದು ಮಾಡಿದ ಊರಿನ ಮನೆ. ಅಲ್ಲಿ ಹಿತ್ತಾಳೆ ಬಣ್ಣದ ಲೋಹ, ಕಲ್ಲಿನ ಮಂಚ ಒಪ್ಪುತ್ತವೆ. ಹೂಬಳ್ಳಿ, ಬಿಳಿ ಪರದೆ ಒಪ್ಪುವುದಿಲ್ಲ. ರಿಫ್ಟನ್‌ನ ಹನಿಸೈಡ್ ಹಿಂಬಾಗಿಲು ತೆರೆದರೆ ಕೆರೆ. ಅಲ್ಲಿ ಮೀನಿನ ಬುಟ್ಟಿ, ಜೇನಿನ ಮದ್ಯದ ಬಾಟಲಿ ಸಾಲು ಇರಲಿ. ವೈಟ್‌ರನ್ ಮರದ ತೊಲೆಗಳ ಊರು; ಬೆಳ್ಳುಳ್ಳಿ ಜಡೆ, ನೇತುಹಾಕಿದ ಮೊಲ, ಆಡಿನ ಚರ್ಮ ಸಾಕು. ಪ್ರತಿ ವಸ್ತುವಿನ ಬಗ್ಗೆ ಒಂದು ಪ್ರಶ್ನೆ ಕೇಳಿ: ನನ್ನ ಪಾತ್ರ ಇದನ್ನು ಎಲ್ಲಿಂದ ತಂದ? ಕಳ್ಳನಾಗಿ ಆಡುತ್ತಿದ್ದರೆ ಉತ್ತರ ಸುಲಭ. ಮಾಂತ್ರಿಕನ ಗೋಡೆಯಲ್ಲಿ ಇಪ್ಪತ್ತು ಕೊಡಲಿ ಯಾಕೆ ತೂಗುತ್ತಿವೆ ಎಂದು ಕೇಳಿಕೊಂಡರೆ ಅರ್ಧ ಸಾಮಾನು ತಾನಾಗಿ ಇಳಿಯುತ್ತದೆ. ಕವಚ ತೊಡಿಸುವ ಗೊಂಬೆಗಳನ್ನೂ ಕಡಿಮೆ ಮಾಡಿ. ಎಂಜಿನ್‌ನ ಕಣ್ಣಿಗೆ ಅವು ಗೊಂಬೆಗಳಲ್ಲ, ಅಲುಗದೆ ನಿಲ್ಲುವಂತೆ ಕಟ್ಟುಮಾಡಿದ ಮನುಷ್ಯಪಾತ್ರಗಳು. ಆಗೀಗ ಕಟ್ಟು ಮುರಿದು ಜಾಗ ಬಿಟ್ಟು ನಿಂತಿರುವುದನ್ನು ಕಂಡು ಬೆಚ್ಚಿದವರಿದ್ದಾರೆ.

13. ಮಕ್ಕಳಿದ್ದರೆ ಮೊದಲೇ ಯೋಚಿಸಿ. 2012ರಲ್ಲಿ ಬಂದ ಹಾರ್ತ್‌ಫೈರ್ ಎಂಬ ಹೆಚ್ಚುವರಿ ಭಾಗ ಇಬ್ಬರು ಮಕ್ಕಳನ್ನು ದತ್ತು ತೆಗೆದುಕೊಳ್ಳಲು ಬಿಡುತ್ತದೆ. ಬ್ರೀಜ್‌ಹೋಮ್‌ನಲ್ಲಿ ಮಕ್ಕಳ ಕೋಣೆ ಬೇಕೆಂದರೆ ಮದ್ದು ಅರೆಯುವ ಕೋಣೆಯನ್ನೇ ಬಿಟ್ಟುಕೊಡಬೇಕು. ಮಾಡ್ ಮನೆಗೆ ಸಂಸಾರ ಸಾಗಿಸುವುದಾದರೆ ಅದರ ವಿವರಣೆಯಲ್ಲಿ ಹಾರ್ತ್‌ಫೈರ್ ಮಲ್ಟಿಪಲ್ ಅಡಾಪ್ಷನ್ಸ್ ಎಂಬ ಮಾಡ್‌ಗೆ ಹೊಂದುತ್ತದೆ ಎಂದಿದೆಯೇ ನೋಡಿ. ಇಲ್ಲದಿದ್ದರೆ ಮಕ್ಕಳು ಹಳೆ ಮನೆಯಲ್ಲಿ, ನೀವು ಹೊಸ ಮನೆಯಲ್ಲಿ.

14. ಆಟ ತಾನಾಗಿ ಅಪ್‌ಡೇಟ್ ಆಗದಂತೆ ತಡೆಯಿರಿ. 2021ರ ನವೆಂಬರ್‌ನ ಅಪ್‌ಡೇಟ್ ಬಂದಾಗ ಸ್ಕ್ರಿಪ್ಟ್ ಎಕ್ಸ್‌ಟೆಂಡರ್ ನೆಚ್ಚಿದ ಮಾಡ್‌ಗಳು ಸಾಲುಸಾಲಾಗಿ ನಿಂತವು. ಸ್ಟೀಮ್‌ನಲ್ಲಿ ‘ಆಟ ಶುರುಮಾಡಿದಾಗ ಮಾತ್ರ ಅಪ್‌ಡೇಟ್’ ಎಂಬ ಆಯ್ಕೆ ಇಟ್ಟು, ಆಟವನ್ನು ಸ್ಕ್ರಿಪ್ಟ್ ಎಕ್ಸ್‌ಟೆಂಡರ್ ಮೂಲಕವೇ ಶುರುಮಾಡಿ.

15. ಮನೆ ಖಾಲಿ ಮಾಡದೆ ಮಾಡ್ ಮುಟ್ಟಬೇಡಿ. ಮಾಡ್ ತೆಗೆದರೆ ಆ ಮನೆಯೇ ಇಲ್ಲವಾಗುತ್ತದೆ, ಒಳಗಿನ ಪೆಟ್ಟಿಗೆಗಳೂ ಅವುಗಳಲ್ಲಿದ್ದ ಸಾಮಾನೂ ಜೊತೆಗೇ ಹೋಗುತ್ತವೆ. ಹೊಸ ಆವೃತ್ತಿ ಹಾಕುವಾಗಲೂ ಪೆಟ್ಟಿಗೆಗಳು ಬದಲಾಗಿರಬಹುದು. ಮೊದಲು ಎಲ್ಲವನ್ನೂ ಮೂಲ ಆಟದ ಯಾವುದಾದರೂ ಮನೆಯ ಪೆಟ್ಟಿಗೆಗೆ ಸಾಗಿಸಿ, ಸಂಗಾತಿಯನ್ನೂ ಮಕ್ಕಳನ್ನೂ ಕಳಿಸಿ, ಬೀದಿಗೆ ಬಂದು ಹೊಸದಾಗಿ ಸೇವ್ ಮಾಡಿ. ಮನೆಯೊಳಗೆ ನಿಂತು ಮಾಡಿದ ಸೇವ್ ತೆರೆದರೆ ನಿಲ್ಲಲು ನೆಲವೇ ಇರುವುದಿಲ್ಲ. ತಾನಾಗಿ ಸಾಮಾನು ವಿಂಗಡಿಸುವ ಸ್ಕ್ರಿಪ್ಟ್ ಇರುವ ಮನೆಯಾದರೆ ಆಟದ ನಡುವೆ ತೆಗೆಯುವ ಯೋಚನೆಯೇ ಬೇಡ. ಸ್ಕ್ರಿಪ್ಟಿನ ಚೂರುಗಳು ಸೇವ್‌ನಲ್ಲಿ ಉಳಿದು ಮುಂದೆಂದೋ ಕೈಕೊಡುತ್ತವೆ. ಆ ಪಾತ್ರದ ಕಥೆ ಮುಗಿಯುವ ತನಕ ಆ ಮನೆ ಹಾಗೇ ಇರಲಿ, ಬೇಸರವಾದರೆ ಬೀಗ ಹಾಕಿ ಬೇರೆ ಮನೆಗೆ ಹೋಗಿ.