ಜಾನ್ ಹೆನ್ರಿ: 1,100 ಡಾಲರಿಗೆ ಬಿಕರಿಯಾದ ಮರಿ

ಅಮೆರಿಕದ ಕೆಂಟಕಿ ರಾಜ್ಯದ ಕೀನ್‌ಲ್ಯಾಂಡಿನಲ್ಲಿ ನಡೆಯುವ ಕುದುರೆ ಹರಾಜಿಗೆ ಜಗತ್ತಿನ ನಾನಾ ಕಡೆಯ ಶ್ರೀಮಂತರು ಬರುತ್ತಾರೆ. 1976ರ ಜನವರಿಯಲ್ಲಿ ಅಲ್ಲಿ ಒಂದು ಗಂಡುಮರಿ 1,100 ಡಾಲರಿಗೆ ಬಿಕರಿಯಾಯಿತು. ಅದೇ ಮರಿ ಮುಂದೆ ಓಡಿ ಗಳಿಸಿದ ಬಹುಮಾನದ ಮೊತ್ತ 65 ಲಕ್ಷ ಡಾಲರಿಗೂ ಹೆಚ್ಚು. ಕುದುರೆ ರೇಸಿನ ಗಂಧಗಾಳಿ ಇಲ್ಲದವರು ಕೇಳಿದಾಗ ನಾನು ಮೊದಲು ಹೇಳುವುದು ಈ ಜಾನ್ ಹೆನ್ರಿಯ ಕತೆಯನ್ನೇ. ಅದರ ಜಾಡು ಹಿಡಿದು ಹೋದರೆ ರೇಸಿನ ಒಳಲೆಕ್ಕ ತಾನಾಗಿ ತಿಳಿಯುತ್ತದೆ.

ಮೊದಲ ಪ್ರಶ್ನೆ: ಅಷ್ಟು ಕಡಿಮೆ ಬೆಲೆ ಏಕೆ? ರೇಸಿನಲ್ಲಿ ಓಡುವ ಥರೋಬ್ರೆಡ್ ತಳಿಯ ಕುದುರೆಗಳೆಲ್ಲ, ತಂದೆಯ ಕಡೆಯಿಂದ ನೋಡಿದರೆ, ಮುನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿಗೆ ಬಂದ ಮೂರೇ ಮೂರು ಕುದುರೆಗಳ ಸಂತತಿ. ಪ್ರತಿ ಮರಿಯ ವಂಶಾವಳಿಯೂ ಬರಹದಲ್ಲಿರುತ್ತದೆ. ಮರಿ ಇನ್ನೂ ಓಡಿರುವುದಿಲ್ಲವಾದ್ದರಿಂದ ಕೊಳ್ಳುವವರು ಎರಡನ್ನು ನೋಡುತ್ತಾರೆ: ತಂದೆತಾಯಿ ಯಾರು, ಕಾಲು ಹೇಗಿದೆ. ಈ ಮರಿಗೆ ಎರಡೂ ಕೈಕೊಟ್ಟಿದ್ದವು. ತಂದೆ ಓಲ್ ಬಾಬ್ ಬವರ್ಸ್‌ಗೆ ಹೇಳಿಕೊಳ್ಳುವ ಹೆಸರಿರಲಿಲ್ಲ. ಮರಿಯ ಮುಂಗಾಲಿನ ಮಂಡಿ ಹಿಂದಕ್ಕೆ ಬಾಗಿತ್ತು. ವೇಗವಾಗಿ ಓಡುವಾಗ ಅಂಥ ಕಾಲಿನ ಕೀಲುಗಳ ಮೇಲೆ ಒತ್ತಡ ಹೆಚ್ಚು, ಬೇಗ ಪೆಟ್ಟಾದೀತು ಎಂಬುದು ಅನುಭವಿಗಳ ಅಂಜಿಕೆ. ಮೈಕಟ್ಟೂ ಸಣ್ಣದು.

ಸಾಲದ್ದಕ್ಕೆ ವಿಪರೀತ ಸಿಟ್ಟು. ಲಾಯದ ಗೋಡೆಗೆ ತೂಗುಹಾಕಿದ ಮೇವಿನ ಬಕೆಟ್ಟುಗಳನ್ನು ಕಿತ್ತು, ತುಳಿದು ಚಪ್ಪಟೆ ಮಾಡುತ್ತಿತ್ತು. ಸುತ್ತಿಗೆ ಹಿಡಿದು ಯಂತ್ರದೊಂದಿಗೆ ಸೆಣಸಿದ ಜನಪದ ಹಾಡಿನ ಕೂಲಿಕಾರ ಜಾನ್ ಹೆನ್ರಿಯ ಹೆಸರು ಅಂಟಿಕೊಂಡದ್ದು ಹಾಗೆ. ಸಿಟ್ಟು ಇಳಿಯಲೆಂದು ಅದಕ್ಕೆ ಬೀಜ ಒಡೆಸಿದರು. ಇಂಥ ಕುದುರೆಯನ್ನು ರೇಸಿನವರು ಗೆಲ್ಡಿಂಗ್ ಎನ್ನುತ್ತಾರೆ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹೊಸಬರು ದಾಟಿಹೋಗುವ ಮಾತು ಇದೇ. ದೊಡ್ಡ ರೇಸುಗಳನ್ನು ಗೆದ್ದ ಗಂಡು ಕುದುರೆಗೆ ಓಟದ ಬಹುಮಾನಕ್ಕಿಂತ ತಳಿ ಹುಟ್ಟಿಸುವುದರಲ್ಲೇ ಹೆಚ್ಚು ಹಣ. ಆದ್ದರಿಂದ ಮಹಾ ಓಟಗಾರ ಸೆಕ್ರೆಟೇರಿಯಟ್‌ನಂಥ ಕುದುರೆಯನ್ನೂ ಮೂರು ವರ್ಷ ವಯಸ್ಸಿಗೇ ಓಟದಿಂದ ಬಿಡಿಸಿ ಸ್ಟಡ್ ಫಾರ್ಮಿಗೆ ಕಳಿಸಿದರು. ಗೆಲ್ಡಿಂಗ್‌ಗೆ ಆ ದಾರಿಯಿಲ್ಲ. ಅದು ಓಡಿದರಷ್ಟೇ ಬೆಲೆ. ಜಾನ್ ಹೆನ್ರಿ ಒಂಬತ್ತು ವರ್ಷವಾದರೂ ಓಡುತ್ತಿದ್ದುದಕ್ಕೆ, ಜನ ವರ್ಷವರ್ಷವೂ ಅದನ್ನು ನೋಡಿ ಹಚ್ಚಿಕೊಂಡದ್ದಕ್ಕೆ, ಇದೇ ಮೂಲ.

ಆರಂಭದ ಓಟಗಳು ಲೂಸಿಯಾನದ ಸಣ್ಣ ರೇಸ್‌ಕೋರ್ಸುಗಳಲ್ಲಿ. ಕುದುರೆ ಕೈಯಿಂದ ಕೈಗೆ ಹೋಯಿತು. 1978ರಲ್ಲಿ ನ್ಯೂಯಾರ್ಕಿನ ಸೈಕಲ್ ಆಮದು ವ್ಯಾಪಾರಿ ಸ್ಯಾಮ್ ರೂಬಿನ್ ಅದನ್ನು ಕಣ್ಣಾರೆ ನೋಡದೆಯೇ 25,000 ಡಾಲರಿಗೆ ಕೊಂಡರು. ಆ ವರ್ಷವೇ ಅದು ಹುಲ್ಲಿನ ಮೇಲೆ ಓಡಿ ಭಾರಿ ಅಂತರದಲ್ಲಿ ಗೆದ್ದಿತು. ಅಮೆರಿಕದಲ್ಲಿ ಹೆಚ್ಚಿನ ಓಟಗಳು ಮಣ್ಣಿನ ಟ್ರ್ಯಾಕಿನಲ್ಲಿ ನಡೆಯುತ್ತವೆ. ನಮ್ಮ ಬೆಂಗಳೂರು, ಮೈಸೂರುಗಳಲ್ಲಿ ಹುಲ್ಲಿನ ಮೇಲೆ. ಒಂದರಲ್ಲಿ ಸಾಧಾರಣವೆನಿಸಿದ ಕುದುರೆ ಇನ್ನೊಂದರಲ್ಲಿ ಮಿಂಚಬಹುದು. ಮುಂದೆ ಕ್ಯಾಲಿಫೋರ್ನಿಯಾದ ಟ್ರೈನರ್ ರಾನ್ ಮೆಕಾನಲಿ ಅದರ ಸಿಟ್ಟಿನೊಡನೆ ಗುದ್ದಾಡದೆ, ತಾಳ್ಮೆಯಿಂದ ಅದರ ಮರ್ಜಿ ಅರಿತು ಪಳಗಿಸಿದರು. ಈ ಕತೆಯಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವ ಮನುಷ್ಯ ಅವರೇ.

ಆಮೇಲೆ ಅದು ಮಣ್ಣಿನಲ್ಲೂ ಗೆದ್ದಿತು. ಸಾಂಟಾ ಅನಿಟಾ ಹ್ಯಾಂಡಿಕ್ಯಾಪ್ ಅನ್ನು 1981, 1982 ಎರಡೂ ವರ್ಷ ತನ್ನದಾಗಿಸಿಕೊಂಡಿತು. ಹ್ಯಾಂಡಿಕ್ಯಾಪ್ ಎಂದರೆ ಬಲಿಷ್ಠ ಕುದುರೆಗೆ ಹೆಚ್ಚು ತೂಕ ಹೊರಿಸಿ ಎಲ್ಲವನ್ನೂ ಸಮಕ್ಕೆ ತರುವ ಪದ್ಧತಿ. ಗೆದ್ದಷ್ಟೂ ಬೆನ್ನ ಮೇಲಿನ ಹೊರೆ ಏರುತ್ತದೆ. ಆದರೆ ಅದರ ಹೆಸರನ್ನು ಮನೆಮನೆಗೆ ಮುಟ್ಟಿಸಿದ್ದು 1981ರ ಆಗಸ್ಟಿನಲ್ಲಿ ಷಿಕಾಗೊ ಬಳಿ ನಡೆದ ಮೊದಲ ಆರ್ಲಿಂಗ್ಟನ್ ಮಿಲಿಯನ್, ಹತ್ತು ಲಕ್ಷ ಡಾಲರ್ ಬಹುಮಾನದ ಓಟ. ಮಳೆಯಿಂದ ನೆಲ ಮೆತ್ತಗಾಗಿತ್ತು. ಯಾರೂ ಲೆಕ್ಕಕ್ಕಿಟ್ಟಿರದ ದಿ ಬಾರ್ಟ್ ಎಂಬ ಕುದುರೆ ಮುಂದಿತ್ತು. ಜಾಕಿ ಬಿಲ್ ಶೂಮೇಕರ್ ಕೊನೆಯ ಗಳಿಗೆಯಲ್ಲಿ ಜಾನ್ ಹೆನ್ರಿಯನ್ನು ಅದರ ಮಗ್ಗುಲಿಗೆ ತಂದರು. ಟಿವಿಯವರು ದಿ ಬಾರ್ಟ್ ಗೆದ್ದಿತೆಂದೇ ಹೇಳಿಬಿಟ್ಟರು. ಗೆರೆ ದಾಟುವಾಗ ತೆಗೆದ ಚಿತ್ರ ನೋಡಿದರೆ, ಮೂಗಿನ ತುದಿಯಷ್ಟು ಮುಂದಿದ್ದುದು ಜಾನ್ ಹೆನ್ರಿ! ಆ ಗಳಿಗೆಯನ್ನೇ ಕಂಚಿನಲ್ಲಿ ಎರಕಹೊಯ್ದು ಆರ್ಲಿಂಗ್ಟನ್‌ನಲ್ಲಿ ನಿಲ್ಲಿಸಿದರು.

ವರ್ಷದ ಕುದುರೆ ಎಂಬ ಗೌರವ ಆ ವರ್ಷ ಅದಕ್ಕೇ ಸಂದಿತು. 1984ರಲ್ಲಿ, ಒಂಬತ್ತನೇ ವಯಸ್ಸಿನಲ್ಲಿ, ಕ್ರಿಸ್ ಮೆಕ್ಯಾರನ್ ಸವಾರಿಯಲ್ಲಿ ಆರ್ಲಿಂಗ್ಟನ್ ಮಿಲಿಯನ್ ಅನ್ನು ಮತ್ತೆ ಗೆದ್ದು, ಆ ಗೌರವವನ್ನೂ ಮತ್ತೆ ಪಡೆಯಿತು. ಕಾಲಿನ ಪೆಟ್ಟಿನಿಂದ, ಆ ವರ್ಷ ಮೊದಲ ಬಾರಿಗೆ ನಡೆದ ಬ್ರೀಡರ್ಸ್ ಕಪ್ ರೇಸು ತಪ್ಪಿಹೋಯಿತು, ಮತ್ತೆ ಓಡಲಿಲ್ಲ. ಒಟ್ಟು 83 ಓಟ, 39 ಗೆಲುವು. 1985ರಿಂದ ಕೆಂಟಕಿ ಹಾರ್ಸ್ ಪಾರ್ಕಿನಲ್ಲಿ, ಸಾವಿರಾರು ಅಭಿಮಾನಿಗಳ ಕಣ್ಣೆದುರು ಬದುಕಿ, 2007ರಲ್ಲಿ ತನ್ನ 32ನೇ ವಯಸ್ಸಿನಲ್ಲಿ ತೀರಿಕೊಂಡಿತು.

ಇನ್ನು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ರೇಸ್ ಬುಕ್ ನಿಮ್ಮ ಕೈಗೆ ಬಂದರೆ, ಕುದುರೆಯ ಹೆಸರಿನ ಜೊತೆಗೆ ಅದರ ವಯಸ್ಸು, ಗೆಲ್ಡಿಂಗ್ ಹೌದೋ ಅಲ್ಲವೋ, ಹೊರುವ ತೂಕ ಎಷ್ಟು ಎಂಬುದನ್ನೂ ಓದಿ. ಏಳೆಂಟು ವರ್ಷದ ಗೆಲ್ಡಿಂಗ್ ಕಂಡರೆ ಅದರ ಹಳೆಯ ಓಟಗಳನ್ನೂ ಹುಡುಕಿ ನೋಡಿ.