ಕೆಟ್ಟ ಬಿಯರ್ ಕಲಿಸಿದ ಪಾಠ

ಮೊಳೆತ ಬಾರ್ಲಿಯ ಸಿಹಿರಸವನ್ನು ಹಾಪ್ ಹೂಗಳೊಡನೆ ಕುದಿಸಿ, ಆರಿಸಿ, ಯೀಸ್ಟ್ ಎಂಬ ಏಕಕೋಶ ಜೀವಿಯನ್ನು ಬೆರೆಸಿದರೆ, ಅದು ಸಕ್ಕರೆಯನ್ನು ಮದ್ಯಸಾರವನ್ನಾಗಿಯೂ ಇಂಗಾಲದ ಡೈ ಆಕ್ಸೈಡನ್ನಾಗಿಯೂ ಮಾರ್ಪಡಿಸುತ್ತದೆ. ಇದೇ ಬಿಯರ್. ಕ್ರಮ ತಪ್ಪದಿದ್ದರೂ ಇದು ಒಮ್ಮೊಮ್ಮೆ ಕೆಡುವುದೇಕೆ?

ಬ್ಯಾಕ್ಟೀರಿಯಗಳು ಬೆರೆಯುವುದೇ ಮುಖ್ಯ ಕಾರಣವೆಂದು ಲೂಯಿ ಪಾಶ್ಚರ್ ಅವರು ೧೮೭೬ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದರು. ಆದರೆ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಕಾರ್ಖಾನೆಯ ಬಿಯರ್ ಕಹಿಯಾಗಿ ದುರ್ವಾಸನೆ ಬೀರತೊಡಗಿದಾಗ, ಅಲ್ಲಿನ ಪ್ರಯೋಗಶಾಲೆಯ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ ಅವರು ಯೀಸ್ಟನ್ನೇ ಶಂಕಿಸಿದರು. ಅದರಲ್ಲಿ ಕಾಡು ಯೀಸ್ಟ್ ಬೆರೆತಿರಬಹುದಲ್ಲವೆ? ಸೂಕ್ಷ್ಮದರ್ಶಕದಲ್ಲಿ ಎರಡೂ ಬಹುಮಟ್ಟಿಗೆ ಒಂದೇ ಬಗೆ. ಬೇರ್ಪಡಿಸುವುದೆಂತು?

ಅವರು ಯೀಸ್ಟ್ ದ್ರವವನ್ನು ಬಹಳವಾಗಿ ತೆಳುಗೊಳಿಸಿ, ಅಲ್ಪಾಲ್ಪವಾಗಿ ಹಲವು ಕುಪ್ಪಿಗಳಿಗೆ ಹಂಚಿದರು. ಯಾವ ಕುಪ್ಪಿಯಲ್ಲಿ ಒಂದೇ ಚುಕ್ಕೆ ಬೆಳೆಯಿತೋ ಅದು ಒಂದೇ ಕೋಶದ ಸಂತಾನ! ಹೀಗೆ ದೊರೆತ ಕುಲಗಳನ್ನು ಒಂದೊಂದಾಗಿ ಪರೀಕ್ಷಿಸಿ, ಉತ್ತಮವಾದುದನ್ನು ಆರಿಸಿದರು. ೧೮೮೩ರ ನವೆಂಬರಿನಲ್ಲಿ ಕಾರ್ಖಾನೆ ಅದನ್ನು ಬಳಕೆಗೆ ತಂದಿತು. ಒಡೆಯರಾದ ಯಾಕೋಬ್ಸೆನ್ ಅವರು ಈ ವಿದ್ಯೆಯನ್ನು ಗುಟ್ಟಾಗಿಡದೆ, ಯೀಸ್ಟನ್ನು ಇತರ ತಯಾರಕರಿಗೂ ಹಂಚಿದರು.

ಮನೆಯಲ್ಲಿಯೇ ಬಿಯರ್ ಹುದುಗಿಸುವ ವಾಡಿಕೆಯಿರುವ ದೇಶಗಳಲ್ಲಿ ಇಂದಿಗೂ ಇದೇ ವಿವೇಚನೆ ನಡೆಯುತ್ತದೆ. ಹುಳಿಯಾದರೆ ಬ್ಯಾಕ್ಟೀರಿಯವನ್ನೂ, ಔಷಧಿಯಂಥ ವಾಸನೆ ಬಂದರೆ ಕಾಡು ಯೀಸ್ಟನ್ನೂ ಮೊದಲು ಶಂಕಿಸುತ್ತಾರೆ. ಪಾತ್ರೆಗಳನ್ನು ಶುದ್ಧಗೊಳಿಸಿ, ಹೊಸ ಯೀಸ್ಟಿನಿಂದ ಮತ್ತೆ ಆರಂಭಿಸುತ್ತಾರೆ. ಹೀಗೆ ಕೆಟ್ಟ ಬಿಯರನ್ನು ಮರಳಿ ಒಳ್ಳೆಯದಾಗಿಸಲಾಗದು. ಆದರೆ ಚೆಲ್ಲುವ ಮುನ್ನ ಕಾರಣವನ್ನು ಅರಿತರೆ, ಮುಂದಿನದು ಕೆಡದಂತೆ ಕಾಯಬಹುದು.